ಬರೋಣದ ನಾಲ್ಕು ವಾರ: ಗಂಡ ಹೆಂಡತಿ ಕೂಡಿ ಕಾಯುವುದು

ಇವತ್ತಿನ ವಾಕ್ಯ ಹೊಸದಾಗಿ ಮದುವೆಯಾದವರಿಗೆ, ಮದುವೆ ಗೊತ್ತಾದವರಿಗೆ ವಿಶೇಷವಾಗಿ. ಸತ್ಯವೇದದಲ್ಲಿ ಎರಡು ಭಾಗ ತೆಗೆಯಿರಿ: ವಿಮೋಚನಕಾಂಡ 12:24-27 ಮತ್ತು ಯಾಕೋಬ 5:7-8.

ಮೊದಲನೆಯದು ಪಸ್ಕಹಬ್ಬದ ಭಾಗ. ದೇವರು ಈ ಹಬ್ಬವನ್ನು ಎಲ್ಲಿ ಶುರುಮಾಡಿಸಿದನು ನೋಡ್ರಿ. ಮನೆಯಲ್ಲಿ. ಕುರಿಮರಿ ಮನೆಗೊಂದು, ರಕ್ತ ಮನೆಯ ಬಾಗಿಲಿಗೆ, ಊಟ ಮನೆಯವರ ಜೊತೆ. ಮುಂದೆ ಮಕ್ಕಳು "ಇದನ್ನ ಯಾಕೆ ಮಾಡ್ತೀರಿ?" ಅಂತ ಕೇಳುವಾಗ ದೇವರು ಬಿಡಿಸಿದ್ದನ್ನು ಹೇಳಿರಿ ಅಂತ ಮೋಶೆ ಕಲಿಸುತ್ತಾನೆ. ಮನೆಯ ಪದ್ಧತಿ ಇರೋದೇ ಇದಕ್ಕೆ. ನೋಡಿದವರು ಕೇಳಬೇಕು, ನಮ್ಮ ಉತ್ತರದಲ್ಲಿ ಸುವಾರ್ತೆ ಇರಬೇಕು.

ಈಗ ನಮ್ಮ ಮನೆಗಳಿಗೆ ಬರೋಣ. ಆಳಂದ, ಅಫಜಲಪುರ, ಜೇವರ್ಗಿ ಕಡೆಯ ನಮ್ಮ ಯೌವನಸ್ಥರು ಬೆಂಗಳೂರು, ಪುಣೆ, ಹೈದರಾಬಾದಿನಲ್ಲಿ ಬಾಡಿಗೆ ಮನೆ ಮಾಡಿದ್ದಾರೆ. ಎಷ್ಟೋ ಜನ ತಮ್ಮ ಮನೆತನದಲ್ಲಿ ಮೊದಲು ಯೇಸುವನ್ನು ನಂಬಿದವರು. ಎಳ್ಳಮಾವಾಸ್ಯೆ ಬಂತೆಂದರೆ ಊರಲ್ಲಿ ಮನೆಮಂದಿಯೆಲ್ಲ ಹೊಲಕ್ಕೆ ಹೋಗ್ತಾರೆ. ಸಜ್ಜಿ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆ ಕಟ್ಟಿಕೊಂಡು ಹೋಗಿ ಚರಗ ಚೆಲ್ಲುತ್ತಾರೆ. ಅಜ್ಜಿಯಿಂದ ಮೊಮ್ಮಗನ ತನಕ ಎಲ್ಲರಿಗೂ ಅಲ್ಲಿ ಒಂದು ಕೆಲಸ ಇರುತ್ತದೆ. ನಮ್ಮ ಮನೆಯಲ್ಲಿ? 24ರ ರಾತ್ರಿ ಸಭೆ, 25ಕ್ಕೆ ಕೇಕು, ಹೊಸ ಬಟ್ಟೆ, ಸ್ಟೇಟಸ್‌ಗೆ ಒಂದು ಫೋಟೋ. 26ಕ್ಕೆ ಡ್ಯೂಟಿ. ಊರಿನ ಅವ್ವ ಫೋನಿನಲ್ಲಿ "ನಿಮ್ಮ ಹಬ್ಬದಾಗ ಮನ್ಯಾಗ ಏನ್ ಮಾಡ್ತೀರಿ?" ಅಂದರೆ ಹೇಳಲಿಕ್ಕೆ ಏನಿದೆ? ಇದು ಸಣ್ಣ ಮಾತಲ್ಲ. ಮನೆಯಲ್ಲಿ ಏನೂ ಕಾಣದ ಮಗುವಿಗೆ ಯೇಸುಸ್ವಾಮಿ ಭಾನುವಾರದ ದೇವರಾಗಿ ಉಳಿದುಬಿಡುತ್ತಾನೆ.

ಇನ್ನೊಂದು ಕಷ್ಟ. ಹೆಂಡತಿ ಮೆಥೋಡಿಸ್ಟ್ ಮನೆತನದವಳು, ಚಿಕ್ಕಂದಿನಿಂದ ಅಡ್ವೆಂಟ್ ಮೇಣದಬತ್ತಿ ನೋಡಿದವಳು. ಗಂಡ ಪೆಂತೆಕೊಸ್ತ್ ಸಭೆಯಲ್ಲಿ ರಕ್ಷಣೆ ಹೊಂದಿದವನು. "ಇದು ಬರೀ ಸಂಪ್ರದಾಯ, ಸತ್ಯವೇದದಲ್ಲಿ ಎಲ್ಲಿದೆ?" ಅಂತಾನೆ. ಮದುವೆಯಾದ ಮೊದಲ ಡಿಸೆಂಬರಿನಲ್ಲೇ ಜಗಳ. ಅದಕ್ಕೆ ಅಡ್ವೆಂಟ್ ಅಂದರೇನು ಅಂತ ಮೊದಲು ತಿಳಿಯೋಣ.

ಅದು ಲ್ಯಾಟಿನ್ ಮಾತಿನಿಂದ ಬಂದ ಪದ, ಅರ್ಥ 'ಬರುವಿಕೆ'. ನಮ್ಮ ಸಭೆಗಳಲ್ಲಿ ಅದಕ್ಕೆ ಒಳ್ಳೆ ಮಾತು ಇದೆ: ಬರೋಣ. "ಕರ್ತನ ಎರಡನೇ ಬರೋಣ ಹತ್ತಿರವಿದೆ" ಅಂತ ಸಾರುವ ನಮಗೆ ಈ ಮಾತು ಹೊಸದಲ್ಲ. ಅಡ್ವೆಂಟ್ ಅಂದರೆ ಕ್ರಿಸ್ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳಿಂದ ಕೂಡಿದ ಕಾಲ. ನವೆಂಬರ್ 27ರಿಂದ ಡಿಸೆಂಬರ್ 3ರ ನಡುವೆ ಬರುವ ಭಾನುವಾರ ಅದು ಶುರು. 2026ರಲ್ಲಾದರೆ ನವೆಂಬರ್ 29. ಈ ದಿನಗಳಲ್ಲಿ ಮೊದಲ ಬರೋಣವನ್ನು ನೆನಸಿ ಎರಡನೆಯದಕ್ಕೆ ಸಿದ್ಧರಾಗುತ್ತಾರೆ.

ಮೇಣದಬತ್ತಿಯ ಪದ್ಧತಿ ಜರ್ಮನಿಯ ಹ್ಯಾಂಬರ್ಗ್‌ನದು. ಯೋಹಾನ್ ಹಿನ್ರಿಕ್ ವಿಖರ್ನ್ ಎಂಬ ದೇವಸೇವಕರು ಅಲ್ಲಿ ಬಡಮಕ್ಕಳ ಆಶ್ರಮ ನಡೆಸುತ್ತಿದ್ದರು. ಕ್ರಿಸ್ಮಸ್ ಎಂದು ಬರುತ್ತದೆ ಅಂತ ಮಕ್ಕಳು ದಿನಾ ಕೇಳುತ್ತಿದ್ದರಂತೆ. 1839ರಲ್ಲಿ ಅವರು ಒಂದು ಗಾಡಿಯ ಚಕ್ರಕ್ಕೆ ಭಾನುವಾರಗಳಿಗೆ ನಾಲ್ಕು ದೊಡ್ಡ ಬತ್ತಿ, ಉಳಿದ ದಿನಗಳಿಗೆ ಸಣ್ಣ ಬತ್ತಿ ಇಟ್ಟು ದಿನಕ್ಕೊಂದು ಹಚ್ಚಿಸಿದರು. ನೋಡಿರಿ, ಮಕ್ಕಳ ಪ್ರಶ್ನೆಗೆ ಕೊಟ್ಟ ಉತ್ತರ ಅದು.

ಹಾಗಾದರೆ ಇದು ದೇವರ ಆಜ್ಞೆಯಾ? ಇಲ್ಲ. ಡಿಸೆಂಬರ್ 25 ಕೂಡ ಆಜ್ಞೆ ಅಲ್ಲ. ರೋಮಾಪುರದವರಿಗೆ 14:5-6 ಓದಿರಿ. ದಿನವನ್ನು ಆಚರಿಸುವವನು ಕರ್ತನಿಗಾಗಿ ಆಚರಿಸಲಿ, ಒಬ್ಬರಿಗೊಬ್ಬರು ತೀರ್ಪುಮಾಡಬಾರದು. ಮೇಣದಲ್ಲಿ ಯಾವ ಶಕ್ತಿಯೂ ಇಲ್ಲ. ಅದು ಬೆಳಗುವಾಗ ತೆರೆಯುವ ವಾಕ್ಯದಲ್ಲಿ ಶಕ್ತಿ ಇದೆ. ಆಮೆನ್?

ಎರಡನೇ ಭಾಗದಲ್ಲಿ ಯಾಕೋಬನು ರೈತನನ್ನು ತೋರಿಸುತ್ತಾನೆ. ಮುಂಗಾರು ಹಿಂಗಾರು ಮಳೆಗೆ ತಾಳ್ಮೆಯಿಂದ ಕಾಯುವವನು. ನಮಗೆ ಇದನ್ನು ಬಿಡಿಸಿ ಹೇಳಬೇಕಾ? ಜೂನ್ ಜುಲೈನಲ್ಲಿ ಬಿತ್ತಿದ ತೊಗರಿ ರಾಶಿಗೆ ಬರೋದು ಡಿಸೆಂಬರ್ ಜನವರಿಯಲ್ಲಿ. ನಡುವೆ ರೈತ ಸುಮ್ಮನೆ ಕೂಡೋದಿಲ್ಲ. ಕಳೆ ತೆಗೆಯುತ್ತಾನೆ, ಹುಳ ನೋಡುತ್ತಾನೆ. ಕರ್ತನಿಗಾಗಿ ಕಾಯುವುದೂ ಹಾಗೆ. ಕಾಯುತ್ತಾ ಮನಸ್ಸಿನ ಕಳೆ ಕೀಳಬೇಕು.

ಈಗ ನಾಲ್ಕು ವಾರಕ್ಕೆ ನಾಲ್ಕು ಕೆಲಸ ಹೇಳ್ತೀನಿ. ಭಾನುವಾರ ರಾತ್ರಿ ಊಟಕ್ಕೆ ಮುಂಚೆ ಹದಿನೈದು ನಿಮಿಷ ಸಾಕು. ಟಿವಿ, ಮೊಬೈಲ್ ಆಫ್.

ಮೊದಲ ವಾರ ಯೆಶಾಯ 9:1-7. ಒಂದು ಬತ್ತಿ ಹಚ್ಚಿ, ನಿಮ್ಮ ಮನೆಯಲ್ಲಿ ಕತ್ತಲೆ ಎಲ್ಲಿದೆ ಅಂತ ಒಬ್ಬರಿಗೊಬ್ಬರು ಹೇಳಿರಿ. ಸಾಲ ಇರಬಹುದು, ಸಿಟ್ಟು ಇರಬಹುದು.

ಎರಡನೇ ವಾರ ಲೂಕ 1:5-25. ಜಕರೀಯ, ಎಲಿಸಬೇತ ಮಗುವಿಲ್ಲದೆ ಮುಪ್ಪಾದರು, ಆದರೂ ದೇವರ ಸೇವೆ ಬಿಡಲಿಲ್ಲ. ಉತ್ತರ ಸಿಗದ ಒಂದು ಪ್ರಾರ್ಥನೆಯನ್ನು ಮತ್ತೆ ಕೈಹಿಡಿದು ಮಾಡಿರಿ.

ಮೂರನೇ ವಾರ ಲೂಕ 1:39-56. ಮರಿಯಳು ಎಲಿಸಬೇತಳ ಮನೆಗೆ ಹೋದಳು. ನೀವೂ ಒಂಟಿಯಾಗಿರುವ ಒಬ್ಬರ ಮನೆಗೆ ಹೋಗಿರಿ, ಇಲ್ಲಾ ಊಟಕ್ಕೆ ಕರೆಯಿರಿ.

ನಾಲ್ಕನೇ ವಾರ ಮತ್ತಾಯ 1:18-25. ಯೋಸೇಫನು ತನಗೆ ಪೂರ್ತಿ ತಿಳಿಯದಿದ್ದರೂ ದೇವರ ಮಾತಿಗೆ ವಿಧೇಯನಾದನು. ಗಂಡಂದಿರೇ, ಆ ದಿನ ನೀವೇ ಓದಿರಿ, ನೀವೇ ಪ್ರಾರ್ಥಿಸಿರಿ.

ಒಬ್ಬರಿಗೆ ನೈಟ್ ಶಿಫ್ಟ್, ಇನ್ನೊಬ್ಬರು ಬೇರೆ ಊರಲ್ಲಿ ಇದ್ದರೆ ಫೋನಿನಲ್ಲೇ ಒಂದೇ ಭಾಗ ಓದಿರಿ. "ನಮ್ಮದು ಬಾಡಿಗೆ ಮನೆ, ವರ್ಷಕ್ಕೊಮ್ಮೆ ಶಿಫ್ಟ್ ಆಗ್ತೀವಿ" ಅಂತೀರಾ? ಅಕ್ವಿಲ, ಪ್ರಿಸ್ಕಿಲ್ಲ ರೋಮಾಪುರ ಬಿಡಬೇಕಾಯಿತು, ಕೊರಿಂಥಕ್ಕೆ ಬಂದರು, ಎಫೆಸಕ್ಕೆ ಹೋದರು, ತಿರುಗಿ ರೋಮಾಪುರಕ್ಕೆ ಬಂದರು. ಎಫೆಸದಲ್ಲೂ ರೋಮಾಪುರದಲ್ಲೂ ಅವರ ಮನೆಯಲ್ಲಿ ಸಭೆ ಕೂಡುತ್ತಿತ್ತು (1 ಕೊರಿಂಥ 16:19, ರೋಮಾ 16:3-5). ಮನೆ ಬದಲಾಯಿತು, ಮನೆಯ ಪದ್ಧತಿ ಬದಲಾಗಲಿಲ್ಲ.

ಕೊನೆಗೆ ಊರಿನ ತಂದೆತಾಯಿಗಳ ಮಾತು. ಚರಗದ ಪೂಜೆಯಲ್ಲಿ ನಾವು ಪಾಲುಗಾರರಾಗುವುದಿಲ್ಲ. ಆದರೆ ಅವ್ವನ ಕೈರೊಟ್ಟಿಗೆ ನಾವು ವೈರಿಗಳಲ್ಲ. ಬೇರೆ ಒಂದು ದಿನ ರಜೆ ಹಾಕಿ ಹೋಗಿ ತೊಗರಿ ರಾಶಿಗೆ ಕೈ ಹಚ್ಚಿರಿ. ಕ್ರಿಸ್ಮಸ್‌ಗೆ ಅವರನ್ನು ನಿಮ್ಮ ಮನೆಗೆ ಕರೆಯಿರಿ. ಸಾಲ ಮಾಡಿ ಬಿರಿಯಾನಿ, ಅಲಂಕಾರ ಬೇಡ. ಅದೇ ಸಜ್ಜಿ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆ ಮಾಡಿರಿ, ಕೃತಜ್ಞತೆ ಸಲ್ಲಿಸಿ ಕೂಡಿ ಉಣ್ಣಿರಿ. ನಾಲ್ಕು ಬತ್ತಿ ನೋಡಿ ಅಪ್ಪ "ಇದೇನಪ್ಪಾ?" ಅಂತ ಕೇಳಬಹುದು. ಆಗ ಹೇಳಿರಿ: "ನಮ್ಮ ದೇವರು ನಮ್ಮನ್ನ ಹುಡುಕಿಕೊಂಡು ಬಂದ, ಮತ್ತೆ ಬರ್ತಾನ. ನಾವು ಕಾಯ್ತಾ ಇದ್ದೀವಿ."

ಪ್ರಾರ್ಥಿಸೋಣ. ಪರಲೋಕದ ತಂದೆಯೇ, ಈ ದಂಪತಿಗಳ ಮನೆಗಳನ್ನು ನಿನ್ನ ಕೈಗೆ ಕೊಡುತ್ತೇವೆ. ಗಂಡ ಹೆಂಡತಿ ಒಂದೇ ಮನಸ್ಸಿನಿಂದ ನಿನ್ನ ಮಗನಿಗಾಗಿ ಕಾಯುವಂತೆ ಪವಿತ್ರಾತ್ಮನ ಸಹಾಯ ಕೊಡು. ಅವರ ಮಕ್ಕಳು ಕೇಳುವಾಗ ಉತ್ತರ ಅವರ ಬಾಯಲ್ಲಿರಲಿ. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ, ಆಮೆನ್.