ಬಂದೂಕಿನ ಲೈಸೆನ್ಸ್ ಬೇರೆ, ಚಿಗರಿ ಹೊಡೆಯುವುದು ಬೇರೆ

ಯರಗಟ್ಟಿ, ಸವದತ್ತಿ, ರಾಮದುರ್ಗ ಸೀಮೆಯಲ್ಲಿ ಗೋವಿನಜೋಳ ತೆನೆಗಟ್ಟುವ ಹೊತ್ತಿಗೆ ಕಾಡುಹಂದಿಯ ಕಾಟ ಶುರು. ಎರೆಹೊಲದ ಕಡಲೆ, ಹೆಸರು ಚಿಗರಿಗೂ (ಕೃಷ್ಣಮೃಗಕ್ಕೂ) ಇಷ್ಟ. ರಾತ್ರಿಯಿಡೀ ಡಬ್ಬಿ ಬಡಿದು ಬೇಸತ್ತ ರೈತರು ಕೊನೆಗೆ ಕೇಳುವುದು, ‘ಬಂದೂಕಿನ ಲೈಸೆನ್ಸ್ ಸಿಗತೈತೇನ್ರಿ?’ ಎಂದು. ಕಾನೂನಿನಲ್ಲಿ ಅವಕಾಶ ಇದೆ. ಅರ್ಜಿ ಬರೆಯುವ ಮುಂಚೆ ತಿಳಿದಿರಬೇಕಾದ್ದು ಮಾತ್ರ ಬೇರೆಯೇ ಇದೆ.

ಮೊದಲು ಪ್ರಾಣಿ ಯಾವುದೆಂದು ಗುರುತಿಸಿ

ಹೆಜ್ಜೆ, ಹಿಕ್ಕೆ ನೋಡಿ. ಹಂದಿ ನೆಲ ಕೆದರುತ್ತದೆ, ದಂಟು ಉರುಳಿಸುತ್ತದೆ. ಚಿಗರಿ ಎಳೆಯ ಕುಡಿ ಮೇಯ್ದು ಮುಂದೆ ಹೋಗುತ್ತದೆ. ಈ ವ್ಯತ್ಯಾಸದ ಮೇಲೆಯೇ ಕಾನೂನು ನಿಂತಿದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ 9ನೇ ಕಲಂ ಬೇಟೆಯನ್ನು ನಿಷೇಧಿಸುತ್ತದೆ. ಚಿಗರಿ ಒಂದನೇ ಅನುಸೂಚಿಯ ಪ್ರಾಣಿ. ಅದರಿಂದ ಮನುಷ್ಯನ ಜೀವಕ್ಕೆ ಅಪಾಯವಿದ್ದರೆ, ಇಲ್ಲವೇ ಅದು ಚೇತರಿಸಿಕೊಳ್ಳಲಾರದಷ್ಟು ಗಾಯ, ರೋಗಕ್ಕೆ ತುತ್ತಾಗಿದ್ದರೆ ಮಾತ್ರ ಮುಖ್ಯ ವನ್ಯಜೀವಿ ಪರಿಪಾಲಕರು ಕೊಲ್ಲಲು ಅನುಮತಿ ಕೊಡಬಹುದು. ಬೆಳೆ ತಿಂದಿತು ಎಂಬ ಕಾರಣ ನಡೆಯುವುದಿಲ್ಲ. ಹೊಡೆದವರಿಗೆ 3ರಿಂದ 7 ವರ್ಷ ಜೈಲು, ಕನಿಷ್ಠ 25,000 ರೂಪಾಯಿ ದಂಡ.

ಕಾಡುಹಂದಿ ಎರಡನೇ ಅನುಸೂಚಿಯಲ್ಲಿದೆ. ನಿಂತ ಬೆಳೆಗೆ ಹಾನಿಯಾದರೆ ಅದನ್ನು ಕೊಲ್ಲಲು 11ನೇ ಕಲಮಿನಡಿ ಅನುಮತಿ ಕೊಡಬಹುದು. ಅದು ಕಾರಣ ಕಾಣಿಸಿದ ಲಿಖಿತ ಆದೇಶವೇ ಆಗಿರಬೇಕು. ಫಾರೆಸ್ಟ್ ಗಾರ್ಡ್ ‘ಹೂಂ’ ಅಂದದ್ದು ಲೆಕ್ಕಕ್ಕಿಲ್ಲ. ಹಾಗೆ ಕೊಂದ ಹಂದಿಯೂ ಸರ್ಕಾರದ ಸ್ವತ್ತು, ಊರವರು ಹಂಚಿಕೊಳ್ಳುವ ಪಾಲಲ್ಲ.

ಯಾವ ಬಂದೂಕು?

ಅಮೆರಿಕದ ಹಲವು ರಾಜ್ಯಗಳಲ್ಲಿ ಲೈಸೆನ್ಸ್ ಪಡೆದು ರಿವಾಲ್ವರಿನಿಂದಲೇ ಜಿಂಕೆ ಹೊಡೆಯುತ್ತಾರೆ. ಕೆಲವರು ಗುಂಡನ್ನೂ ತಾವೇ ಎರಕ ಹೊಯ್ಯುತ್ತಾರೆ. ಅಪ್ಪಟ ಸೀಸ ಮೆತ್ತಗೆ, ಗಡಸುತನದ ಬ್ರಿನೆಲ್ ಅಳತೆಯಲ್ಲಿ 5ರ ಆಸುಪಾಸು. ತವರ, ಆಂಟಿಮನಿ ಬೆರೆಸಿದಷ್ಟೂ ಗಟ್ಟಿಯಾಗುತ್ತದೆ. ಮೆತ್ತನೆಯ ಗುಂಡು ಮೈಯೊಳಗೆ ಅರಳುತ್ತದೆ, ಗಟ್ಟಿಯದು ಆಕಾರ ಕೆಡದೆ ಆಳಕ್ಕೆ ಹೋಗುತ್ತದೆ. ಈ ಲೆಕ್ಕಾಚಾರದ ವಿಡಿಯೋಗಳು ನಮ್ಮ ಹುಡುಗರ ಮೊಬೈಲಿಗೂ ಬರುತ್ತವೆ. ನೋಡಿ ಬಿಟ್ಟುಬಿಡಿ. ಬೆಳೆ ರಕ್ಷಣೆಗೆಂದು ಶಸ್ತ್ರಾಸ್ತ್ರ ಕಾಯ್ದೆ, 1959ರ 13ನೇ ಕಲಂ ಹೆಸರಿಸುವುದು ನಳಿಗೆಯ ಬಾಯಿಂದ ಮದ್ದು ತುಂಬುವ ಬಂದೂಕನ್ನು. ಪಿಸ್ತೂಲು, ರಿವಾಲ್ವರಿನ ಮಾತೇ ಅಲ್ಲಿಲ್ಲ. ಲೈಸೆನ್ಸಿಲ್ಲದೆ ಮದ್ದುಗುಂಡು ತಯಾರಿಸುವುದು ಪ್ರತ್ಯೇಕ ಅಪರಾಧ.

ಅರ್ಜಿ

ನಮೂನೆ ಎ-1ರಲ್ಲಿ ಬೆಳಗಾವಿ ಜಿಲ್ಲಾಧಿಕಾರಿಗಳಿಗೆ ಅರ್ಜಿ ಹಾಕಬೇಕು. ವಯಸ್ಸು 21 ತುಂಬಿರಬೇಕು. ಹೊಲದ ಉತಾರ, ಗುರುತು ಮತ್ತು ವಿಳಾಸದ ದಾಖಲೆ, ವೈದ್ಯಕೀಯ ಪ್ರಮಾಣಪತ್ರ, ಬಂದೂಕು ಬಳಕೆಯ ತರಬೇತಿ ಪತ್ರ ಜೊತೆಗಿರಲಿ. ಹಿಂದೆ ಬೆಳೆ ಹಾಳಾದಾಗ ಅರಣ್ಯ ಇಲಾಖೆಗೆ ಕೊಟ್ಟ ದೂರಿನ ಪ್ರತಿ ಇದ್ದರೆ ಅದನ್ನೂ ಲಗತ್ತಿಸಿ. ನಿಜವಾದ ಅಗತ್ಯಕ್ಕೆ ಅದಕ್ಕಿಂತ ಒಳ್ಳೆಯ ಪುರಾವೆ ಇಲ್ಲ. ಪೊಲೀಸ್ ವರದಿ ಬಂದ ಮೇಲೆ ತೀರ್ಮಾನ. ನಿರಾಕರಿಸಿದರೆ ಕಾರಣ ಬರಹದಲ್ಲಿ ಕೇಳಿ ಪಡೆಯಿರಿ, ಮೇಲ್ಮನವಿಗೆ ಬೇಕಾಗುತ್ತದೆ. 2019ರ ತಿದ್ದುಪಡಿಯ ನಂತರ ಲೈಸೆನ್ಸಿನ ಅವಧಿ 5 ವರ್ಷ. ಕೊಡವರಿಗೆ, ಕೊಡಗಿನ ಜಮ್ಮಾ ಹಿಡುವಳಿದಾರರಿಗೆ ಲೈಸೆನ್ಸಿನಿಂದಲೇ 2029ರವರೆಗೆ ವಿನಾಯಿತಿ ಇದೆ. 1857ರಲ್ಲಿ ಆಯುಧ ಒಪ್ಪಿಸಲಾರೆವೆಂದು ಹಲಗಲಿಯ ಬೇಡರು ತಿರುಗಿಬಿದ್ದದ್ದು ನಮ್ಮ ಪಕ್ಕದ ಮುಧೋಳದ ಸೀಮೆಯಲ್ಲಿ. ಆದರೂ ನಮಗೆ ಅಂಥ ರಿಯಾಯಿತಿ ಏನೂ ಇಲ್ಲ.

ಕೈಗೆ ಬಂದ ಮೇಲೆ

ಲೈಸೆನ್ಸಿನಲ್ಲಿ ಬರೆದಷ್ಟೇ ಮದ್ದು, ಅದೂ ಲೈಸೆನ್ಸ್ ಇರುವ ಅಂಗಡಿಯಿಂದಲೇ. ಮದ್ದನ್ನು ಒಲೆಯಿಂದ, ಮಕ್ಕಳಿಂದ ದೂರ ಬೀಗ ಹಾಕಿಡಿ. ಚುನಾವಣೆ ಘೋಷಣೆಯಾದಾಗ ಠಾಣೆಯಿಂದ ಸೂಚನೆ ಬಂದರೆ ಬಂದೂಕು ಅಲ್ಲಿ ಒಪ್ಪಿಸಿ ರಸೀದಿ ಪಡೆಯಬೇಕು. ಅದು ಸುಗ್ಗಿಯ ಹೊತ್ತಿಗೇ ಬಂದರೂ ಗತ್ಯಂತರವಿಲ್ಲ. ಹಂದಿ ಕೊಲ್ಲಲು ಲಿಖಿತ ಆದೇಶ ಕೈಯಲ್ಲಿಲ್ಲದಿದ್ದರೆ, ಇಷ್ಟೆಲ್ಲ ಮಾಡಿ ಉಳಿಯುವ ಉಪಯೋಗ ಸದ್ದು ಮಾಡಿ ಓಡಿಸುವುದಷ್ಟೇ. ನನ್ನ ಮಟ್ಟಿಗೆ, ಅಷ್ಟಕ್ಕಾಗಿ ಡಿಸಿ ಆಫೀಸಿಗೆ ತಿಂಗಳುಗಟ್ಟಲೆ ಅಲೆಯುವುದಕ್ಕಿಂತ ಸೋಲಾರ್ ಬೇಲಿ ಲೇಸು. ಆದರೆ ಬೇಲಿಗೆ ಕಂಬದಿಂದ ನೇರ ಕರೆಂಟ್ ಎಳೆಯುವುದು, ಉರುಲು, ಸಿಡಿಮದ್ದಿನ ಉಂಡೆ ಯಾವುದೂ ಬೇಡ. ಅವಕ್ಕೆ ಹಂದಿಗಿಂತ ಮೊದಲು ಮನೆಯ ಎತ್ತೋ ನೀರು ಹಾಯಿಸಲು ಹೋದ ಆಳೋ ಸಿಕ್ಕಿಬೀಳುವುದುಂಟು.

ಪರಿಹಾರ

ಬೆಳೆ ಹಾಳಾದ ಬೆಳಿಗ್ಗೆಯೇ ಫೋಟೊ ತೆಗೆಯಿರಿ. ಹೆಜ್ಜೆ ಗುರುತು, ಹೊಲದ ಬದು ಎರಡೂ ಕಾಣುವಂತಿರಲಿ. ಉತಾರ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಪ್ರತಿಯೊಂದಿಗೆ ವಲಯ ಅರಣ್ಯಾಧಿಕಾರಿ ಕಚೇರಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಇಲಾಖೆ ಅದನ್ನು ಇ-ಪರಿಹಾರ ತಂತ್ರಾಂಶದಲ್ಲಿ ದಾಖಲಿಸುತ್ತದೆ. ಅರಣ್ಯ ಸಹಾಯವಾಣಿ 1926. ಫಸಲ್ ಬಿಮಾ ಕಂತು ಕಟ್ಟುವವರು ಇನ್ನೊಂದನ್ನು ವಿಚಾರಿಸಿಕೊಳ್ಳಬೇಕು. ಕಾಡುಪ್ರಾಣಿಗಳಿಂದಾಗುವ ನಷ್ಟವನ್ನು 2026ರ ಮುಂಗಾರಿನಿಂದ ವಿಮೆಗೆ ಸೇರಿಸುವುದಾಗಿ ಕೇಂದ್ರ ಸರ್ಕಾರ ಪ್ರಕಟಿಸಿದೆ. ಯಾವ ಪ್ರಾಣಿ, ಯಾವ ಜಿಲ್ಲೆ ಎಂಬುದನ್ನು ರಾಜ್ಯ ಸರ್ಕಾರ ಅಧಿಸೂಚಿಸಬೇಕು. ನಷ್ಟದ ಮಾಹಿತಿಯನ್ನು 72 ಗಂಟೆಯೊಳಗೆ ಬೆಳೆ ವಿಮೆಯ ಆ್ಯಪಿನಲ್ಲಿ ಹಾಕಬೇಕು. ಅಧಿಕಾರಿಗಳು ಬಂದು ಪಂಚನಾಮೆ ಮುಗಿಸುವತನಕ ಹಾಳಾದ ಪಟ್ಟಿಯಲ್ಲಿ ಕುಂಟೆ ಹೊಡೆಯಬೇಡಿ, ಬಿದ್ದ ದಂಟನ್ನು ದನಕ್ಕೆ ಹಾಕಬೇಡಿ.