ಕಸದ ಗುಡ್ಡದ ಪಕ್ಕದ ಬಾವಿ: ನೀರಿನ ಪರೀಕ್ಷೆಯ ವರದಿಯನ್ನು ಓದುವ ಬಗೆ



ಬೆಂಗಳೂರಿನ ಕಸ ವರ್ಷಗಟ್ಟಲೆ ಮಾವಳ್ಳಿಪುರ ಮತ್ತು ಮಂಡೂರಿನ ಮಗ್ಗುಲಿಗೆ ಹೋಗಿ ಬಿದ್ದ ಸಂಗತಿ ತಮಗೆ ತಿಳಿದೇ ಇದೆ. ಮಾವಳ್ಳಿಪುರಕ್ಕೆ ಲಾರಿ ಬರುವುದು 2012ರಲ್ಲಿ ನಿಂತಿತು. ಮಂಡೂರಿಗೆ 2014ರ ಕೊನೆಯಲ್ಲಿ. ಆದರೆ ಲಾರಿ ನಿಂತ ಮಾತ್ರಕ್ಕೆ ನೀರಿನ ಚಿಂತೆ ತೀರುವುದಿಲ್ಲ. ಮಳೆ ನೀರು ರಾಶಿಯೊಳಗೆ ಇಳಿದು, ಕೊಳೆತುದನ್ನೆಲ್ಲ ಕರಗಿಸಿಕೊಂಡು, ಕಷಾಯದಂತೆ ಕಪ್ಪಾಗಿ ತಳದಿಂದ ಒಸರುತ್ತದೆ. ಇಂಜಿನಿಯರುಗಳು ಇದನ್ನು ಲೀಚೇಟ್ ಎನ್ನುತ್ತಾರೆ. ನಾವು ಕಸದ ರಸ ಎನ್ನೋಣ. ತಳದಲ್ಲಿ ಸರಿಯಾದ ಹಾಸು ಇಲ್ಲದಿದ್ದರೆ ಅದು ನೆಲಕ್ಕಿಳಿದು ಬಾವಿಯನ್ನು ಸೇರುತ್ತದೆ. ಅದಕ್ಕಾಗಿಯೇ 2016ರ ಘನತ್ಯಾಜ್ಯ ನಿಯಮಗಳು, ಕಸ ತುಂಬಿದ ಜಾಗವನ್ನು ಮುಚ್ಚಿದ ಮೇಲೂ ಕನಿಷ್ಠ 15 ವರ್ಷ ನೋಡಿಕೊಳ್ಳಬೇಕೆಂದೂ, ಅದರ ಅಂಚಿನಿಂದ 50 ಮೀಟರಿನೊಳಗಿನ ಅಂತರ್ಜಲವನ್ನು ಬೇಸಿಗೆಯಲ್ಲಿ, ಮಳೆಗಾಲದಲ್ಲಿ ಮತ್ತು ಮಳೆ ಮುಗಿದ ಮೇಲೆ ಪರೀಕ್ಷಿಸಬೇಕೆಂದೂ ವಿಧಿಸಿದವು.

ಪರೀಕ್ಷೆಯ ಕಾಗದ ಕೈಗೆ ಬಂದಾಗ ನಮ್ಮಲ್ಲಿ ಬಹಳ ಮಂದಿ ಕೊನೆಯ ಸಾಲನ್ನು ಮಾತ್ರ ನೋಡುತ್ತಾರೆ. "ಮಿತಿಯೊಳಗಿದೆ" ಎಂದಿದ್ದರೆ ನಿಶ್ಚಿಂತೆ. ಇದು ಸಾಲದು. ಕ್ಲೋರೈಡ್ ಎಂಬ ಉಪ್ಪಿನಂಶವನ್ನೇ ತೆಗೆದುಕೊಳ್ಳಿ. ಕಸದ ರಸದಲ್ಲಿ ಇದು ಹೇರಳ. ಮಣ್ಣು ಇದನ್ನು ಹಿಡಿದಿಟ್ಟುಕೊಳ್ಳದು; ಆದುದರಿಂದ ನೀರು ಹೋದಲ್ಲಿಗೆ ಮುಂಚಿತವಾಗಿ ತಲಪುತ್ತದೆ. ಕುಡಿಯುವ ನೀರಿಗೆ ಇದು ಲೀಟರಿಗೆ 250 ಮಿಲಿಗ್ರಾಂ ಮೀರದಿರುವುದು ಒಳ್ಳೆಯದು. ಬೇರೆ ನೀರೇ ಇಲ್ಲದಿದ್ದರೆ 1000ದವರೆಗೆ ಒಪ್ಪಬಹುದೆಂದು ಭಾರತೀಯ ಮಾನಕ 10500 ಹೇಳುತ್ತದೆ. ಗುಡ್ಡಕ್ಕಿಂತ ಮೇಲಿನ ಇಳಿಜಾರಿನ ಬಾವಿಯಲ್ಲಿ 60, ಕೆಳಗಿನ ಬಾವಿಯಲ್ಲಿ 240 ಬಂದಿತೆಂದು ಇಟ್ಟುಕೊಳ್ಳಿ. ಎರಡೂ ಮಿತಿಯೊಳಗೇ ಇವೆ. ಆದರೂ ಕೆಳಗಿನ ಬಾವಿಗೆ ಏನೋ ಬಂದು ಸೇರುತ್ತಿದೆ ಎಂಬುದು ಸ್ಪಷ್ಟ. ಆದುದರಿಂದ ಮೇಲಿನದೊಂದು, ಕೆಳಗಿನವೆರಡು ಬಾವಿಗಳ ನೀರನ್ನು ಒಂದೇ ದಿನ ತೆಗೆಯಿಸತಕ್ಕದ್ದು. ನಮ್ಮ ಕಲ್ಲುನೆಲದಲ್ಲಿ ನೀರು ಬಿರುಕು ಹಿಡಿದು ಓಡುವುದರಿಂದ ಪಕ್ಕದ ದಿಕ್ಕಿನದೂ ಒಂದಿದ್ದರೆ ಇನ್ನೂ ಲೇಸು.

ನೀರು ಹಿಡಿಯುವಾಗ ತಾವು ಹತ್ತಿರ ನಿಂತು ನೋಡಬೇಕು. ಕೊಳವೆ ಬಾವಿಯಾದರೆ ಪಂಪನ್ನು ಸ್ವಲ್ಪ ಹೊತ್ತು ಓಡಿಸಿ, ಕೊಳವೆಯಲ್ಲಿ ನಿಂತ ಹಳೆಯ ನೀರನ್ನು ಹೊರಹಾಕಿದ ಮೇಲೆಯೇ ಹಿಡಿಯಬೇಕು. ಸಾಮಾನ್ಯ ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ತೊಳೆಯಬೇಕು. ಸೀಸ, ಕ್ಯಾಡ್ಮಿಯಂ ಮುಂತಾದ ಲೋಹಗಳ ಪರೀಕ್ಷೆಗೆ ಪ್ರಯೋಗಶಾಲೆಯವರು ಕೊಟ್ಟ ಬಾಟಲಿಯಲ್ಲಿ ಒಂದಿಷ್ಟು ಆಮ್ಲ ಇರುತ್ತದೆ. ಹೊಲಸೆಂದು ಅದನ್ನು ಚೆಲ್ಲಿ ತೊಳೆದರೆ ಲೋಹ ಬಾಟಲಿಯ ಗೋಡೆಗೆ ಅಂಟಿ, ವರದಿಯಲ್ಲಿ ಕಡಿಮೆ ತೋರುತ್ತದೆ. ರೋಗಾಣುಗಳ ಪರೀಕ್ಷೆಯ ಬಾಟಲಿಯನ್ನೂ ತೊಳೆಯಕೂಡದು. ಅದರ ಬಾಯಿಗೆ ಬೆರಳು ತಾಗಿಸಕೂಡದು. ಬಾಟಲಿಗಳೆಲ್ಲ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಹೋಗಬೇಕು. ರೋಗಾಣುವಿನದು 24 ಗಂಟೆಯೊಳಗೆ ಪರೀಕ್ಷೆಗೆ ಏರಬೇಕು. ಬಾವಿಯ ಗುರುತು, ದಿನ, ವೇಳೆ, ಹಿಡಿದವರ ಹೆಸರು ಬಾಟಲಿಯ ಮೇಲೆಯೇ ಇರಲಿ.

ಇನ್ನು ವರದಿ. ನೀರು ಹಿಡಿದ ದಿನ, ಪ್ರಯೋಗಶಾಲೆಗೆ ಬಂದ ದಿನ, ಪರೀಕ್ಷೆ ನಡೆದ ದಿನ, ಈ ಮೂರೂ ಅದರಲ್ಲಿ ಇರಬೇಕು. ಯಾವ ವಿಧಾನದಿಂದ ಪರೀಕ್ಷಿಸಿದರೆಂಬುದೂ ಇರಬೇಕು. ಪ್ರಯೋಗಶಾಲೆಗೆ ಎನ್.ಎ.ಬಿ.ಎಲ್. ಮಾನ್ಯತೆ ಇದೆಯೇ ಎಂದು ಕೇಳಿ. ಇದ್ದರೂ, ತಮಗೆ ಬೇಕಾದ ಆ ಪರೀಕ್ಷೆಗೆ ಉಂಟೇ ಎಂದು ಮತ್ತೊಮ್ಮೆ ಕೇಳಿ. ಮಾನ್ಯತೆ ಒಂದೊಂದು ಪರೀಕ್ಷೆಗೂ ಬೇರೆ ಬೇರೆಯಾಗಿ ದೊರೆಯುತ್ತದೆ.

ಸೀಸದ ಎದುರಿಗೆ ಅಂಕಿಯ ಬದಲು "ಬಿ.ಡಿ.ಎಲ್." ಎಂಬ ಮೂರಕ್ಷರ ಕಂಡರೆ ಸೀಸ ಇಲ್ಲವೆಂದು ತಿಳಿಯಬೇಡಿ. ಯಂತ್ರಕ್ಕೆ ಸಿಗುವಷ್ಟು ಇಲ್ಲ ಎಂದು ಮಾತ್ರ ಅದರ ಅರ್ಥ. ಕುಡಿಯುವ ನೀರಿನಲ್ಲಿ ಸೀಸದ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಯಂತ್ರ 0.05ಕ್ಕಿಂತ ಕಡಿಮೆಯನ್ನು ಕಾಣದಿದ್ದರೆ ಆ ಮೂರಕ್ಷರದಿಂದ ನಮಗೆ ಏನೂ ತಿಳಿದಂತಾಗಲಿಲ್ಲ. ಮೂಟೆ ತೂಗುವ ತಕ್ಕಡಿಯಲ್ಲಿ ಚಿನ್ನ ತೂಗಿದ ಹಾಗೆ. ಯಂತ್ರ ಎಷ್ಟರವರೆಗೆ ಕಾಣಬಲ್ಲದು ಎಂಬ ಅಂಕಿಯನ್ನು ಪಕ್ಕದಲ್ಲಿ ಬರೆಯಿಸಿಕೊಳ್ಳಿ.

ನೈಟ್ರೇಟಿನ ಲೆಕ್ಕದಲ್ಲಿ ಇನ್ನೊಂದು ತೊಡಕಿದೆ. ಕೆಲವು ವರದಿಗಳು ಅದನ್ನು ಸಾರಜನಕದ ತೂಕದಲ್ಲಿ ಬರೆಯುತ್ತವೆ, ಕೆಲವು ನೈಟ್ರೇಟಿನ ತೂಕದಲ್ಲಿ. ಮೊದಲನೆಯದನ್ನು 4.43ರಿಂದ ಗುಣಿಸಿದರೆ ಎರಡನೆಯದು ಬರುತ್ತದೆ. ಒಂದು ಕಾಗದದಲ್ಲಿ 12, ಇನ್ನೊಂದರಲ್ಲಿ 53 ಇದ್ದರೆ ನೀರು ಒಂದೇ. ಮಿತಿಯಾದ 45ನ್ನು ಎರಡೂ ದಾಟಿವೆ. ಯೂರಿಯಾ ಚೆಲ್ಲುವ ನಮ್ಮ ಹೊಲಗಳಿಂದಲೂ, ತಿಪ್ಪೆಗಳಿಂದಲೂ ನೈಟ್ರೇಟು ಇಳಿಯುತ್ತದೆ. ಇದೊಂದನ್ನೇ ಹಿಡಿದು ಗುಡ್ಡದ ಮೇಲೆ ದೂರು ಹೊರಿಸಲಾಗದು. ಕ್ಲೋರೈಡ್, ಅಮೋನಿಯ ಜೊತೆಯಲ್ಲಿ ಏರಿದೆಯೇ ನೋಡಬೇಕು.

ನೈಟ್ರೇಟು ಮಿತಿ ದಾಟಿದ ನೀರಿನಲ್ಲಿ ಎಳೆಗೂಸಿಗೆ ಹಾಲಿನ ಪುಡಿ ಕಲಸಿ ಕೊಡಬೇಡಿ. ರಕ್ತ ಪ್ರಾಣವಾಯುವನ್ನು ಹೊರಲಾರದೆ ಮಗುವಿನ ಮೈ ನೀಲಿಗಟ್ಟಬಹುದು. ಕುದಿಸಿದರೆ ರೋಗಾಣು ಸಾಯುತ್ತದೆಯೇ ಹೊರತು ನೈಟ್ರೇಟಾಗಲಿ ಸೀಸವಾಗಲಿ ಹೋಗುವುದಿಲ್ಲ, ನೀರು ಇಂಗಿದಷ್ಟೂ ಗಟ್ಟಿಯಾಗುತ್ತದೆ. ಮನೆಗೆ ಬೇರೆ ಬಾವಿಯ ನೀರು ತಂದುಕೊಳ್ಳಿ.

ಹಳೆಯ ವರದಿಗಳು ಊರಿನಲ್ಲಿ ಇಲ್ಲದಿದ್ದರೆ, 2005ರ ಮಾಹಿತಿ ಹಕ್ಕು ಕಾಯಿದೆಯ ಮೇರೆಗೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಅರ್ಜಿ ಹಾಕಿ ಅಲ್ಲಿರುವ ನಕಲುಗಳನ್ನು ಕೇಳಬಹುದು. ಅರ್ಜಿಯಲ್ಲಿ ಬಾವಿಗಳ ಗುರುತನ್ನೂ, ಬೇಕಾದ ವರ್ಷಗಳನ್ನೂ ಬಿಡಿಸಿ ಬರೆಯಿರಿ. ಬಂದ ನಕಲನ್ನು ಪಂಚಾಯಿತಿಯಲ್ಲಿ ಒಂದು, ಶಾಲೆಯಲ್ಲಿ ಒಂದು ಇರಿಸಿ.