ನಾಯಿಮರಿಗೆ ಗೂಡು ಆರಿಸುವಾಗ



ಮರಿ ಮನೆಗೆ ಬಂದ ಮೇಲೆ ಗೂಡಿನ ಯೋಚನೆ ಮಾಡುವುದು ನಮ್ಮಲ್ಲಿ ಹಲವರ ವಾಡಿಕೆ. ನಾವೂ ಹಾಗೆಯೇ ಮಾಡಿ ಒಂದು ಮರಿಯನ್ನು ಕಳೆದುಕೊಂಡವರು. ಅವಸರದಲ್ಲಿ ಅಡಿಕೆ ದಬ್ಬೆಯ ಗೂಡು ಹೊಡೆದು, ಬಾಗಿಲಿಗೆ ಹಗ್ಗ ಸುತ್ತಿ ಅಂಗಳದಲ್ಲಿಟ್ಟಿದ್ದೆವು. ಮಳೆಗಾಲದ ರಾತ್ರಿ. ಬೆಳಗ್ಗೆ ನೋಡಿದರೆ ಎರಡು ದಬ್ಬೆ ಮುರಿದಿದ್ದವು. ಕೆಸರಿನಲ್ಲಿ ಚಿರತೆಯ ಹೆಜ್ಜೆಯಿತ್ತು. ಆ ಕಾರಣಕ್ಕೇ ಈ ನಾಲ್ಕು ಮಾತು.

ಈಗಿನ ಮರಿಯನ್ನು ನೋಡಿ ಗೂಡು ಕೊಂಡರೆ ಆರು ತಿಂಗಳಿಗೆ ಅದು ಕೋಳಿ ಮುಚ್ಚುವುದಕ್ಕೇ ಸರಿ. ಸಾಧ್ಯವಾದರೆ ಮರಿಯ ತಾಯಿಯನ್ನು ಅಳೆಯಿರಿ. ಮೂಗಿನಿಂದ ಬಾಲದ ಬುಡದವರೆಗಿನ ಉದ್ದಕ್ಕೆ 4 ಅಂಗುಲ ಕೂಡಿಸಿ. ತಲೆಯೆತ್ತಿ ನಿಂತಾಗ ಮೇಲೆ ತಾಗಬಾರದು. ಮಧ್ಯಮ ಗಾತ್ರದ ನಾಯಿಗೆ ಸುಮಾರು 3 ಅಡಿ ಉದ್ದ, 2 ಅಡಿ ಅಗಲ, 2¼ ಅಡಿ ಎತ್ತರ ಸಾಕು. ಆದರೆ ಇಷ್ಟೂ ಜಾಗವನ್ನು ಎರಡು ತಿಂಗಳ ಮರಿಗೆ ಬಿಟ್ಟುಕೊಡಬಾರದು. ಮಲಗುವ ಜಾಗವನ್ನು ನಾಯಿ ಸಾಮಾನ್ಯವಾಗಿ ಹೊಲಸು ಮಾಡುವುದಿಲ್ಲ. ಜಾಗ ಹೆಚ್ಚಾದರೆ ಒಂದು ಮೂಲೆ ಹಾಸಿಗೆ, ಇನ್ನೊಂದು ಮೂಲೆ ಕಕ್ಕಸು! ನಡುವೆ ಹಲಗೆಯೊಂದನ್ನು ಅಡ್ಡ ಕಟ್ಟಿ, ಮರಿ ಬೆಳೆದಂತೆ ಹಿಂದಕ್ಕೆ ಸರಿಸುತ್ತ ಹೋಗಬೇಕು. ಹಾಗೆಂದು ಅದು ರಾತ್ರಿಯಿಡೀ ತಡೆದುಕೊಳ್ಳಲಾರದು. ಮೂರು ಗಂಟೆಗೊಮ್ಮೆಯಾದರೂ, ಬ್ಯಾಟರಿ ಹಿಡಿದು, ಜೊತೆಯಲ್ಲೇ ನಿಂತು ಹೊರಗೆ ಬಿಡಬೇಕು. ಇದು ಯಾರ ಕೆಲಸವೆಂದು ಮನೆಯಲ್ಲಿ ಮೊದಲೇ ತೀರ್ಮಾನವಾಗಿರಲಿ. ನಮ್ಮಲ್ಲಿ ಅದು ಕಾರ್ಯದರ್ಶಿಯ ಪಾಲಿಗೇ ಬಂದಿತು.

ಅಡಿಕೆ ದಬ್ಬೆ ತೋಟದಲ್ಲೇ ಸಿಗುವುದೇನೋ ನಿಜ. ಆದರೆ ಅದರ ಸಿಬಿರು ಮರಿಯ ಪಾದಕ್ಕೂ ಬಾಯಿಗೂ ಚುಚ್ಚುತ್ತದೆ. ಹಲ್ಲು ಬರುವಾಗ ಮರಿ ಸಿಕ್ಕಿದ್ದನ್ನೆಲ್ಲ ಕಡಿಯುವುದರಿಂದ ಗೆದ್ದಲಿನ ಔಷಧಿ ಬಳಿದ ಹಲಗೆಯೂ ಬೇಡ. ಕಬ್ಬಿಣದ ಸರಳಿಗೆ ಬೆಸುಗೆ ಹಾಕಿದ ಗೂಡೇ ಮೇಲು. ಸರಳುಗಳ ನಡುವಣ ಸಂದು ಒಂದೂವರೆ ಅಂಗುಲ ಮೀರದಿರಲಿ. ತಳಕ್ಕೆ ಬರಿಯ ಜಾಲರಿಯಿದ್ದರೆ ಕಾಲು ನೋಯುತ್ತದೆ. ನುಣುಪಾದ ಹಲಗೆ ಹಾಕಿ, ನೆಲದಿಂದ ನಾಲ್ಕಂಗುಲ ಎತ್ತರಿಸಿದರೆ ತೇವ ಏರದು. ಹಾಸಲು ಹಳೆಯ ಹತ್ತಿ ಸೀರೆ ಸಾಕು. ಗೊಬ್ಬರ, ಮೈಲುತುತ್ತ ತುಂಬಿದ್ದ ಚೀಲ ಖಂಡಿತ ಕೂಡದು.

ಬಾಗಿಲಿಗೆ ಮೇಲೊಂದು, ಕೆಳಗೊಂದು ಚಿಲಕವಿರಲಿ. ಗೂಡು ಎಷ್ಟೇ ಗಟ್ಟಿಯಿದ್ದರೂ ರಾತ್ರಿ ಅದನ್ನು ಅಂಗಳದಲ್ಲಿ ಬಿಡಬೇಡಿ. ಕದ ಹಾಕುವ ಕೋಣೆಯೊಳಗೆ ಇಟ್ಟುಕೊಳ್ಳಿ. ಮರಿ ಅತ್ತರೆ ಅದಕ್ಕೆ ಮನೆಯವರ ಸದ್ದು ಕೇಳುವಂತಿರಲಿ.

ಒಳಗೆ ಹೋಗಲು ಒಪ್ಪದ ಮರಿಯನ್ನು ದೂಡಬಾರದು, ತಪ್ಪಿಗೆ ಶಿಕ್ಷೆಯೆಂದು ಕೂಡಿಹಾಕಲೂಬಾರದು. ಬಾಗಿಲು ತೆರೆದಿಟ್ಟು ಕೆಲವು ದಿನ ಅನ್ನದ ತಟ್ಟೆಯನ್ನು ಒಳಗಿಡಿ. ನಮ್ಮ ಈಗಿನ ನಾಯಿ ಮೂರನೆಯ ದಿನ ತಾನಾಗಿಯೇ ಹೋಗಿ ಮಲಗಿತು.